ಗೇಟು ಮುಚ್ಚಿಸಿದವರೇ ಊಟಕ್ಕೆ ಬಂದಾಗ

ಕಳೆದ ವಿಧಾನಸಭಾ ಚುನಾವಣೆಯ ಸಮಯ. ಬಿಸಿಲಿಗೆ ತಲೆ ಸುಡುತ್ತಿತ್ತು. ನಾನು ಬೆಂಗಳೂರು ಹೊರವಲಯದ ಮಾಕಳಿಯಲ್ಲಿ ಖಾನಾವಳಿ ನಡೆಸುತ್ತೇನೆ. ಊರು ಬಾಗಲಕೋಟೆ ಕಡೆ. ನಮ್ಮ ಕಡೆಯಿಂದ ಕಾರ್ಖಾನೆ ಕೆಲಸಕ್ಕೆ ಬಂದವರಿಗೆ ಜೋಳದ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ ಬಡಿಸುವುದೇ ನನ್ನ ಬದುಕು.

ಆ ಬೇಸಿಗೆಯಲ್ಲಿ ಬದುಕು ಮುಳುಗುವ ಹಂತಕ್ಕೆ ಬಂದಿತ್ತು. ನಮ್ಮ ಬೀದಿಯ ಹಿಂದಿರುವ ಕಾರ್ಖಾನೆಗೆ ಮೊದಲು ಒಂದು ಹಿಂಬದಿಯ ಗೇಟಿತ್ತು. ಊಟದ ಗಂಟೆ ಹೊಡೆದರೆ ಹುಡುಗರು ಅಲ್ಲಿಂದ ನೇರವಾಗಿ ನನ್ನಲ್ಲಿಗೆ ಬರುತ್ತಿದ್ದರು. ಕೆಲವು ವರ್ಷಗಳ ಹಿಂದೆ ಕಾರ್ಖಾನೆಯವರು, ಆ ದಾರಿ ಊರಿನದು ಎಂದ ಪಂಚಾಯಿತಿಯ ಮೇಲೆ ಕೋರ್ಟಿನಲ್ಲಿ ಗೆದ್ದು ಆ ಗೇಟು ಮುಚ್ಚಿದರು. ತುಮಕೂರು ರಸ್ತೆ ಸುತ್ತಿಕೊಂಡು ಬಂದು ಉಂಡು ಹೋಗಲು ಅವರಿಗಿರುವ ಅರ್ಧ ಗಂಟೆ ಎಲ್ಲಿ ಸಾಲುತ್ತದೆ? ಗಿರಾಕಿಗಳು ಕಡಿಮೆಯಾದರು. ಮೂವರು ರೊಟ್ಟಿ ಬಡಿಯುತ್ತಿದ್ದ ಒಲೆಯ ಮುಂದೆ ನಾನೊಬ್ಬಳೇ ಉಳಿದೆ. ದೀಪಾವಳಿಯವರೆಗೆ ನೋಡಿ ಬಾಗಿಲು ಹಾಕಿಬಿಡೋಣ ಎಂದು ಮನಸ್ಸು ಮಾಡಿದ್ದೆ.

ಆಗ ಬಂದರು ನೋಡಿ ಅಭ್ಯರ್ಥಿ, ಕೊರಳಲ್ಲಿ ಬಾಡಿದ ಸೇವಂತಿಗೆ ಹಾರ, ಹಿಂದೆ ದೊಡ್ಡ ಹಿಂಡು. ವಕೀಲರಾಗಿದ್ದವರು, ಆಮೇಲೆ ಕಂಪನಿಯಲ್ಲಿ ದೊಡ್ಡ ಸಾಹೇಬರಾಗಿದ್ದವರು, ಈಗ ಎಲ್ಲ ಬಿಟ್ಟು ರಾಜಕೀಯಕ್ಕೆ ಬಂದಿದ್ದಾರೆ ಎಂದು ಮೈಕಿನಲ್ಲಿ ಕೂಗುತ್ತಿದ್ದರು. ಏಸಿಯಲ್ಲಿ ಕೂರುವ ಮನುಷ್ಯ ಯಾಕೆ ಹೀಗೆ ಬೀದಿ ಸುತ್ತುತ್ತಾನೆ ಎಂಬ ಕುತೂಹಲ ನನಗೆ ಹುಟ್ಟಿತು.

"ಅಕ್ಕಾ, ಊಟ ಸಿಗುತ್ತಾ?" ಎಂದು ಬೆಂಚಿನ ಮೇಲೆ ಕೂತರು. ಹಿಂಬಾಲಕರು ಮೊಬೈಲು ಎತ್ತಿ ಹಿಡಿದರು. ನಾನು ರೊಟ್ಟಿ ಹಾಕುತ್ತಲೇ ಹೇಳಿದೆ, "ಸಾಹೇಬ್ರ, ಮೊದ್ಲ ಹೇಳಿಬಿಡ್ತೀನ್ರಿ, ನನ್ನ ಓಟು ಇಲ್ಲಿಲ್ಲ, ಊರಾಗ ಐತಿ." ಮೊಬೈಲುಗಳು ಕೆಳಗಿಳಿದವು. ಒಬ್ಬ ಗಡಿಯಾರ ನೋಡಿಕೊಂಡ. ಸಾಹೇಬರು ಮಾತ್ರ, "ಓಟು ಇಲ್ದಿದ್ರೆ ಚಟ್ನಿ ಹಾಕಲ್ವಾ?" ಎಂದರು. ನನಗೆ ನಗು ಬಂತು.

"ಅಷ್ಟ್ ದೊಡ್ಡ ಪಗಾರ ಬಿಟ್ಟು ಬಿಸಲಾಗ ಯಾಕ ತಿರಗಾಕತ್ತೀರಿ?" ಎಂದು ಕೇಳಿಯೇಬಿಟ್ಟೆ.

"ಜನಸೇವೆ ಅಕ್ಕಾ."

"ಅದನ್ನ ಎಲ್ಲಾರೂ ಹೇಳ್ತಾರ್ರಿ."

ಅವರೂ ನಕ್ಕರು. ಸಲುಗೆ ಸಿಕ್ಕಿತೆಂದು ಗೇಟಿನ ಕತೆ ಹೇಳಿಕೊಂಡೆ. ಕೇಳುತ್ತಾ ಕೇಳುತ್ತಾ ಅವರ ಮುಖವೇ ಬದಲಾಯಿತು. ಓಟು, ಪಕ್ಷ ಎಲ್ಲ ಮರೆತವರ ಹಾಗೆ ಪ್ರಶ್ನೆ ಶುರು ಮಾಡಿದರು. "ನೀವು ಆ ದಾರೀಲಿ ಎಷ್ಟ್ ವರ್ಷದಿಂದ ಓಡಾಡ್ತಿದ್ರಿ? ನಿಮಗಿಂತ ಮುಂಚೆ? ಕೋರ್ಟಲ್ಲಿ ನಿಮ್ಮ ಕಡೆಯಿಂದ ಯಾರ್ ಹೇಳಿಕೆ ಕೊಟ್ರು?"

"ಓಟ್ ಕೇಳಾಕ ಬಂದೀರೋ, ಕೋರ್ಟಿಗಿ ಬಂದೀರೋ? ನಮ್ಮನ್ನ ಯಾರ್ ಕರದಾರ್ರಿ ಹೇಳಿಕಿ ಕೊಡಾಕ? ಕೇಸ್ ನಡದಿತ್ತಂತ ಗೇಟ್ ಮುಚ್ಚಿದ ಮ್ಯಾಲ ಗೊತ್ತಾತು ನಮಗ."

ಅವರು ಕೈಯಲ್ಲಿದ್ದ ತುತ್ತನ್ನು ತಟ್ಟೆಯಲ್ಲಿಟ್ಟರು. "ಅಕ್ಕಾ, ಆ ಕೇಸ್ ಗೆದ್ದಿದ್ದು ನಾನೇ. ಅದನ್ನ ನೋಡೇ ಕಾರ್ಖಾನೆಯೋರು ನನ್ನನ್ನ ಅವರ ಕಂಪನಿಗೆ ಕರ್ಕೊಂಡಿದ್ದು. ನಾನು ಸಿಟಿ ಆಫೀಸಲ್ಲೇ ಇದ್ದೆ, ಈ ಜಾಗಾನ ನಕ್ಷೇಲಿ ನೋಡಿದ್ದೆ ಅಷ್ಟೆ. ಈ ಕಡೆಯಿಂದ ಒಬ್ರು ಬಂದು, ನಾವು ಇಲ್ಲಿ ಓಡಾಡ್ತೀವಿ ಅಂದಿದ್ರೂ ನಾನು ಸೋಲ್ತಿದ್ದೆ."

ಪಕ್ಕದವನು, "ಸಾರ್, ಟೈಮಾಯ್ತು ಸಾರ್" ಎಂದು ತೋಳು ಜಗ್ಗಿದ. ನನಗೆ ಸಿಟ್ಟು ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಯಾರಿಗೂ ಗೊತ್ತಿಲ್ಲದ ಸಂಗತಿಯನ್ನು, ಅದೂ ಚುನಾವಣೆಯ ಹೊತ್ತಿನಲ್ಲಿ, ಈ ಮನುಷ್ಯ ತಾನಾಗಿ ಯಾಕೆ ಹೇಳಿಕೊಂಡ? ಅದೇ ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ಅವರು ಊಟ ಮುಗಿಸಿ, ಕೈ ಮುಗಿದು ಹೋದರು. ಗೇಟಿನ ಬಗ್ಗೆ ಒಂದು ಭರವಸೆಯನ್ನೂ ಕೊಡಲಿಲ್ಲ.

ಗೆದ್ದರು. ಗೆದ್ದವರು ಈ ಕಡೆ ತಲೆ ಹಾಕುವುದಿಲ್ಲ ಎಂದುಕೊಂಡಿದ್ದೆ. ಶ್ರಾವಣ ಕಳೆದ ಮೇಲೆ ಸಮುದಾಯ ಭವನದಲ್ಲಿ ಸಭೆ ಇದೆ ಬನ್ನಿ ಎಂದು ಕರೆ ಬಂತು. ಹೋದರೆ ಕಾರ್ಖಾನೆಯ ಮ್ಯಾನೇಜರು, ಅವರ ವಕೀಲರು ಇಬ್ಬರೂ ಕೂತಿದ್ದಾರೆ. ಅದು ಸ್ವಂತ ಜಾಗ, ಲಾರಿಗಳು ಓಡಾಡುತ್ತವೆ, ಜನರ ಸುರಕ್ಷತೆಗಾಗಿಯೇ ಮುಚ್ಚಿದ್ದು ಎಂದು ವಕೀಲರು ಚೆನ್ನಾಗಿಯೇ ಮಾತಾಡಿದರು. ಶಾಸಕರು ತಲೆ ತಗ್ಗಿಸಿ ಕೇಳುತ್ತಿದ್ದರು.

ಈಗ ಇವರು ನಮ್ಮ ಪರ ಬಾಯಿ ಬಿಡುತ್ತಾರೆ ಎಂದು ಕಾದೆ. ಬಿಡಲಿಲ್ಲ. ನನ್ನ ಕಡೆ ತಿರುಗಿ, "ಅಕ್ಕಾ, ನೀವ್ ಹೇಳಿ" ಎಂದುಬಿಟ್ಟರು. ಖಾನಾವಳಿಯಲ್ಲಿ ಹರಟೆ ಕೊಚ್ಚುವ ನಾನು ಅಲ್ಲಿ ಸೆರಗು ಸರಿಮಾಡಿಕೊಳ್ಳುತ್ತಾ ಎದ್ದು ನಿಂತೆ. "ಗೇಟು ಮುಚ್ಚೋಕ್ ಮುಂಚೆ ನಿಮ್ಮಲ್ಲಿಗೆ ಯಾರ್ಯಾರ್ ಬರ್ತಿದ್ರು?" ಎಂದು ಮೆಲ್ಲಗೆ ಕೇಳಿದರು.

ಆಗ ನನ್ನ ಕಣ್ಣು ಮ್ಯಾನೇಜರ ಮೇಲೆ ಬಿತ್ತು. "ಇವ್ರನ್ನ ಕೇಳ್ರಿ. ಆಗಿನ್ನೂ ಸೂಪರ್‌ವೈಜರ್ ಇದ್ರು. ದಿನಾ ಅದ ಗೇಟಿನಿಂದ ಬಂದು ಎಣಗಾಯಿ ಪಲ್ಯ ಅಂದ್ರ ಎರಡ್ ರೊಟ್ಟಿ ಜಾಸ್ತಿ ತಿಂತಿದ್ರು. ಆವಾಗ ಇವ್ರಿಗಿ ಯಾವ ಲಾರಿ ಹಾಯ್ತು, ಕೇಳ್ರಿ!"

ಇಡೀ ಸಭೆ ನಕ್ಕಿತು. ಮ್ಯಾನೇಜರು ಕೆಂಪಾಗಿ, "ನಿಜ ಸಾರ್" ಎಂದರು. ಮುಂದೆ ಮಾತು ಸಲೀಸಾಯಿತು. ಬೇರೆ ಹೆಂಗಸರೂ ಎದ್ದು ಹೇಳಿದರು. ಕಾವಲುಗಾರನನ್ನು ನಿಲ್ಲಿಸಿ ಊಟದ ಹೊತ್ತಿಗೆ ಮಾತ್ರ ಗೇಟು ತೆಗೆಯುತ್ತೇವೆ ಎಂದು ಮ್ಯಾನೇಜರು ಒಪ್ಪಿದರು. ತೆಗೆದ ಮೊದಲ ದಿನ ಹುಡುಗರು ನುಗ್ಗಿದ ರಭಸಕ್ಕೆ ನನ್ನ ರೊಟ್ಟಿ ಖಾಲಿಯಾಗಿ, ಅರ್ಧ ಜನಕ್ಕೆ ಬರೀ ಅನ್ನ ಸಾರು ಬಡಿಸಿದೆ. ಒಲೆಯ ಮುಂದೆ ಕೂತು ಅತ್ತುಬಿಟ್ಟೆ.

ಗೇಟು ತೆಗೆದ ದಿನ ಶಾಸಕರು ಬರಲಿಲ್ಲ. ಎಷ್ಟೋ ದಿನಗಳಾದ ಮೇಲೆ ಹಿಂಬಾಲಕರಿಲ್ಲದೆ ಊಟಕ್ಕೆ ಬಂದರು. ನಾನು ಬಿಡಲಿಲ್ಲ. "ಅವತ್ತ ಸಭಾದಾಗ ನೀವ ಒಂದ್ ಮಾತ್ ಹೇಳಿದ್ರ ಮುಗೀತಿತ್ತಲ್ರಿ. ನನ್ನನ್ಯಾಕ ಎಬ್ಬಿಸಿದ್ರಿ?"

ರೊಟ್ಟಿ ಮುರಿಯುತ್ತಾ ಹೇಳಿದರು. "ನಾನು ಮಾತಾಡಿದ್ರೆ ಆ ವಕೀಲರು ಒಂದೇ ಪ್ರಶ್ನೆ ಕೇಳೋರು ಅಕ್ಕಾ, ಆವಾಗ ಕೋರ್ಟಲ್ಲಿ ಬೇರೆ ಥರ ವಾದ ಮಾಡಿದ್ರಲ್ಲಾ ಸಾರ್ ಅಂತ. ಅದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ. ಈಗ್ಲೂ ಇಲ್ಲ."

ಅವರು ಒಳ್ಳೆಯವರೋ ಕೆಟ್ಟವರೋ ಎಂದು ಗಿರಾಕಿಗಳು ನನ್ನನ್ನು ಕೇಳುವುದುಂಟು. ನನಗೆ ಇನ್ನೂ ತೀರ್ಮಾನಕ್ಕೆ ಬರಲಾಗಿಲ್ಲ. ಆದರೆ ಅಷ್ಟು ಮಾತು ಬಲ್ಲ ಮನುಷ್ಯ, ತನ್ನ ಹತ್ತಿರ ಉತ್ತರ ಇಲ್ಲ ಎಂದು ಒಂದು ರೊಟ್ಟಿ ಅಂಗಡಿಯಲ್ಲಿ ಕೂತು ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಅವತ್ತು ಬಿಸಿ ರೊಟ್ಟಿಯೊಂದನ್ನು ಅವರ ತಟ್ಟೆಗೆ ಹಾಕಿ ಒಳಗೆ ಹೋದೆ.