ಒಂದೇ ಪಾತ್ರೆಯ ಊಟ

ಸೋಫಾ ಅಕ್ಕ ಎಡವಿ ಬಿದ್ದರೆ, ಕೈ ಕೊಟ್ಟು ಎಬ್ಬಿಸುವ ಮೊದಲೇ ಅವಳ ಗಂಡ ಕೇಳುತ್ತಿದ್ದ ಪ್ರಶ್ನೆ ಒಂದೇ: "ಇವತ್ತು ಏನ್ ತಿಂದೆ?"

ಪೆಟ್ಟಾಯಿತಾ ಅಂತಲ್ಲ, ನೋವಾಯಿತಾ ಅಂತಲ್ಲ. ಏನು ತಿಂದೆ! ನಾಲ್ಕು ವರ್ಷದಿಂದ ಇದನ್ನು ಕೇಳಿ ಕೇಳಿ ಅವಳಿಗೆ ತಲೆ ಚಿಟ್ಟು ಹಿಡಿದಿತ್ತು.

ಬೀದಿಯ ಮೂಲೆಯಲ್ಲಿ ಅವಳದೊಂದು ಸೋಫಾ ರಿಪೇರಿ ಅಂಗಡಿ. ಕುಸಿದ ಸೋಫಾದ ಬಟ್ಟೆ ಬಿಚ್ಚಿ, ಸಡಿಲವಾದ ಸ್ಪ್ರಿಂಗ್ ಬಿಗಿದು, ಹೊಸ ನಾರು ತುಂಬಿ, ಬಾಗಿದ ಸೂಜಿಯಲ್ಲಿ ಅಂಚು ಹೊಲಿದು ಕೊಡುವುದು ಕೆಲಸ. ಅದಕ್ಕೇ ಬೀದಿಗೆಲ್ಲ ಅವಳು ಸೋಫಾ ಅಕ್ಕ. ಹಳೆಯ ಸೋಫಾದ ಸಂದಿಗೆ ಕೈ ಹಾಕಿದರೆ ಆ ಮನೆಯವರ ಗುಟ್ಟೆಲ್ಲ ಬೆರಳಿಗೆ ಸಿಗುತ್ತದೆ. ಸಿಹಿ ಬಿಟ್ಟು ಯಾವ ಕಾಲವಾಯಿತು ಎಂದು ಹೇಳಿಕೊಂಡು ತಿರುಗುವ ಯಜಮಾನರ ಸೋಫಾದಲ್ಲಿ ಚಾಕೊಲೇಟಿನ ಕಾಗದ, ಬಿಸ್ಕತ್ತಿನ ಪುಡಿ. ಊಟದ ವಿಷಯದಲ್ಲಿ ಯಾರು ಏನೇ ಹೇಳಿಕೊಂಡರೂ ಅವಳು ಅಷ್ಟಾಗಿ ನಂಬುತ್ತಿರಲಿಲ್ಲ.

ನಾಲ್ಕು ವರ್ಷದ ಹಿಂದೆ ಅವಳ ಬೆರಳ ತುದಿಗಳು ಜೋಮು ಹಿಡಿದವು. ಸೂಜಿ ಚುಚ್ಚಿಕೊಂಡದ್ದೇ ತಿಳಿಯದೆ ಗಿರಾಕಿಯ ಬಿಳಿ ಬಟ್ಟೆಯ ಮೇಲೆ ರಕ್ತದ ಕಲೆಯಾಯಿತು. ಆಮೇಲೆ ಬಲಗಾಲು ಹೇಳಿದ ಮಾತು ಕೇಳದಾಯಿತು. ಆಸ್ಪತ್ರೆಯಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್, ಚಿಕ್ಕದಾಗಿ ಎಂಎಸ್, ಅಂದರು. ಮೈಯನ್ನು ಕಾಯಬೇಕಾದ ಪಡೆಯೇ ತಿರುಗಿಬಿದ್ದು ನರಗಳ ಮೇಲಿನ ಹೊದಿಕೆಯನ್ನು ಕಿತ್ತುಹಾಕುವ ಕಾಯಿಲೆ. ಹೊದಿಕೆ ಹಾಕುವುದೇ ಕಸುಬಾದವಳಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಆಗಾಗ ಆಸ್ಪತ್ರೆಗೆ ಹೋಗಿ ಔಷಧಿ ಏರಿಸಿಕೊಂಡು ಬರುತ್ತಿದ್ದಳು. ಕೆಲವು ತಿಂಗಳು ಕಾಲು ಚೆನ್ನಾಗಿರುತ್ತಿತ್ತು, ಕೆಲವು ತಿಂಗಳು ಕೈ ಕೊಡುತ್ತಿತ್ತು.

ಗಂಡ ತಕ್ಕಡಿ ರಿಪೇರಿಯವನು. ಅಂಗಡಿಗಳ ತೂಕದ ಯಂತ್ರ ಬಿಚ್ಚಿ, ಒರೆಸಿ, ಮುಳ್ಳು ಸರಿಮಾಡಿ ಕೂರಿಸುವವನು. ಕೆಟ್ಟದ್ದನ್ನು ಕಂಡರೆ ಅವನ ಕೈ ಸುಮ್ಮನಿರದು. ಹೆಂಡತಿಯನ್ನು ಬಿಚ್ಚಿ ನೋಡುವಂತಿಲ್ಲವಲ್ಲ, ಅವಳ ತಟ್ಟೆಗೆ ಕೈ ಹಾಕಿದ. ಕಾಯಿಲೆಯ ಬೇರು ಕರುಳಿನಲ್ಲಿದೆ, ಅಲ್ಲಿ ಒಳ್ಳೆ ಬ್ಯಾಕ್ಟೀರಿಯಾ, ಕೆಟ್ಟ ಬ್ಯಾಕ್ಟೀರಿಯಾ ಎಂದು ಎರಡು ಪಂಗಡವಿದೆ ಎಂದು ಫೋನಿನಲ್ಲಿ ಯಾರೋ ಪುಣ್ಯಾತ್ಮ ಹೇಳಿದ್ದನಂತೆ. ಅಂದಿನಿಂದ ಕೆಟ್ಟವರನ್ನು ಹಸಿವಿನಲ್ಲಿ ಕೆಡಹುವ ಯುದ್ಧ ಶುರುವಾಯಿತು. ಮೊದಲು ಹಾಲು ಹೋಯಿತು. ಅದರ ಹಿಂದೆ ಸಕ್ಕರೆ, ಬೆಣ್ಣೆ, ಮೊಟ್ಟೆ. ಕೊನೆಗೆ ಗೋಧಿಯೂ ಹೋಗಿ, ಅವಳ ಪಾಲಿಗೆ ಬೇಯಿಸಿದ ತರಕಾರಿ ಮತ್ತು ಉಪ್ಪು ಕಾಣದ ಬೇಳೆ ಉಳಿದವು.

ಕರ್ಮಕ್ಕೆ, ಗೋಧಿ ನಿಲ್ಲಿಸಿದ ಮುಂದಿನ ತಿಂಗಳೇ ಅವಳ ಕಾಲು ಚುರುಕಾಯಿತು. ಔಷಧಿಯ ಫಲವಿರಬಹುದು, ಈ ಕಾಯಿಲೆ ಹೀಗೇ ಏರಿಳಿಯುವಂಥದ್ದೂ ಹೌದು. ಆದರೆ ಅವನಿಗೆ ಅದೆಲ್ಲ ಎಲ್ಲಿ ಬೇಕು? ಅವತ್ತಿನಿಂದ ಅವಳು ನೆಟ್ಟಗೆ ನಡೆದರೆ ಅವನ ಪಥ್ಯದ ಮಹಿಮೆ, ಬಿದ್ದರೆ ಅವಳ ನಾಲಿಗೆಯ ಚಪಲ. ತಾನು ಮಾತ್ರ ಅವಳ ಎದುರಿಗೇ ಕೂತು ಬೆಣ್ಣೆ ಹಚ್ಚಿದ ಬ್ರೆಡ್ಡು, ಮೊಟ್ಟೆ ಚಪ್ಪರಿಸುತ್ತಿದ್ದ. ಕೇಳಿದರೆ, "ನನಗೇನ್ ಕಾಯಿಲೆ?" ಅನ್ನುತ್ತಿದ್ದ.

ಅವಳೇನು ಸುಮ್ಮನಿದ್ದಳೇ? ಅಂಗಡಿಯ ಪಕ್ಕದ ಬೇಕರಿಯಿಂದ ಬೆಣ್ಣೆ ಬನ್ನು ತಂದು, ಅರ್ಧ ಬಿಚ್ಚಿದ ಸೋಫಾದ ಹಿಂದೆ ಕೂತು ತಿನ್ನುತ್ತಿದ್ದಳು. ನಲವತ್ತಾರು ವಯಸ್ಸಿನ, ಸ್ವಂತ ಅಂಗಡಿ ನಡೆಸುವ ಹೆಂಗಸು, ಕಳ್ಳಿಯ ಹಾಗೆ! ತಿಂದು ಬಾಯಿ ಒರೆಸಿಕೊಂಡ ಮೇಲೆ ನಾಚಿಕೆ, ನಾಚಿಕೆಯ ಬೆನ್ನಿಗೇ ಸಿಟ್ಟು. ಆ ಸಂಜೆ ಕಾಲು ಒಂದಿಷ್ಟು ಎಳೆದರೆ, ಬನ್ನೇ ಕಾರಣವಿರಬಹುದೇ ಎಂದು ಅವಳಿಗೂ ಅನುಮಾನ ಬರುತ್ತಿತ್ತು. ಗಂಡನ ಪ್ರಶ್ನೆ ತನ್ನ ತಲೆಯೊಳಗೂ ಸಂಸಾರ ಹೂಡಿದೆಯಲ್ಲ ಎಂದು ಅವಳು ಮತ್ತಷ್ಟು ಉರಿದು ಬೀಳುತ್ತಿದ್ದಳು.

ಹೀಗಿರುವಾಗ ಆಸ್ಪತ್ರೆಯ ಸಂಶೋಧನಾ ವಿಭಾಗದ ಸಿಸ್ಟರ್ ಒಬ್ಬಳು ಇಬ್ಬರನ್ನೂ ಕೂರಿಸಿಕೊಂಡು ಮಾತಾಡಿದಳು.

"ಎಂಎಸ್ ಇರೋರ ಕರುಳಲ್ಲಿರೋ ಬ್ಯಾಕ್ಟೀರಿಯಾ ಬೇರೆಯವರದ್ದಕ್ಕಿಂತ ಸ್ವಲ್ಪ ಬೇರೆ ಥರ ಕಾಣ್ತಿವೆ. ಅವೇ ಕಾಯಿಲೆ ತಂದ್ವಾ, ಕಾಯಿಲೆ ಬಂದ ಮೇಲೆ ಹಾಗಾದ್ವಾ, ಊಟ ಬದಲಾಯಿಸಿದ್ರೆ ಏನಾದ್ರೂ ಉಪಯೋಗ ಇದೆಯಾ, ನಮಗೆ ಗೊತ್ತಿಲ್ಲ."

"ಏನಂದ್ರಿ?" ಎಂದಳು ಸೋಫಾ ಅಕ್ಕ.

"ಗೊತ್ತಿಲ್ಲ ಅಂದೆ. ಅದಕ್ಕೇ ಹುಡುಕ್ತಿರೋದು."

ಸೋಫಾ ಅಕ್ಕನ ಕಣ್ಣು ತುಂಬಿಕೊಂಡಿತು. ನಾಲ್ಕು ವರ್ಷದಲ್ಲಿ ಗೊತ್ತಿಲ್ಲ ಎಂದವರನ್ನು ಅವಳು ಕಂಡದ್ದು ಇದೇ ಮೊದಲು. ಗಂಡನಿಗೆ ಗೊತ್ತಿತ್ತು. ಕರುಳಿಗೆ ಒಳ್ಳೆಯದೆಂದು ವಾರಕ್ಕೊಮ್ಮೆ ಹುದುಗಿಸಿದ ಹುಳಿ ನೀರಿನ ಬಾಟಲಿ ತಂದು ಮೂಗು ಹಿಡಿದು ಕುಡಿಸುವ ನಾದಿನಿಗೆ ಗೊತ್ತಿತ್ತು. ಬಸ್ಸಿನಲ್ಲಿ ಪಕ್ಕಕ್ಕೆ ಕೂತವರಿಗೂ ಗೊತ್ತಿತ್ತು. ಈ ಹುಡುಗಿಗೆ ತನ್ನಿಂದ ಏನಾದರೂ ಒಂದು ನಿಜ ಸಿಗಬೇಕು ಎಂದು ಅವಳಿಗೆ ಆಸೆಯಾಯಿತು.

ಬೇಕಾದದ್ದು ಮಲದ ಸ್ಯಾಂಪಲ್. ಅವಳದ್ದು ಒಂದು, ಹೋಲಿಸಿ ನೋಡಲು ಕಾಯಿಲೆಯಿಲ್ಲದ ಮನೆಯವರದ್ದು ಒಂದು. ಇಬ್ಬರೂ ಒಂದೇ ಊಟ ಮಾಡುವವರಾಗಿರಬೇಕು.

"ನೀವಿಬ್ರೂ ಒಂದೇ ಪಾತ್ರೆ ಊಟ ತಾನೇ?"

"ಮತ್ತೆ? ಒಂದೇ ಪಾತ್ರೆ!" ಎಂದ ಗಂಡ, ಎದೆಯುಬ್ಬಿಸಿ.

ಸೋಫಾ ಅಕ್ಕ ಬಾಯಿ ತೆರೆದಳು, ಮತ್ತೆ ಮುಚ್ಚಿದಳು. ನಿಜ ಹೇಳಿದರೆ ಈ ಅವಕಾಶ ತಪ್ಪುತ್ತದಲ್ಲ ಎಂಬ ಭಯ. ಹೊರಗೆ ಬಂದ ಮೇಲೆ ಅವನೇ ಸಮಜಾಯಿಷಿ ಕೊಟ್ಟ: "ನಾನು ನಿನ್ನ ಹೊಟ್ಟೇನ ಹೆಂಗೆ ರಿಪೇರಿ ಮಾಡಿದೀನಿ ಅಂತ ಅವ್ರೂ ನೋಡ್ಲಿ. ಇವತ್ತಿಂದ ನಾನೂ ನಿನ್ನ ಪಾತ್ರೇದೇ ತಿಂತೀನಿ. ಆಗ ಸುಳ್ಳು ಹೆಂಗಾಗುತ್ತೆ?"

ಮೊದಲ ದಿನ ವೀರನ ಹಾಗೆ ತಿಂದ. ಮಾರನೆಯ ದಿನ ಚಮಚ ಕೆಳಗಿಟ್ಟ.

"ಇದಕ್ಕೆ ಉಪ್ಪೇ ಹಾಕಿಲ್ಲ."

"ನಾಲ್ಕು ವರ್ಷದಿಂದ ಹಾಕಿಲ್ಲ," ಎಂದಳು ಅವಳು.

ಅದರ ಮಾರನೆಯ ಸಂಜೆ ಬೇಕರಿಯ ತಕ್ಕಡಿ ಕೆಟ್ಟಿದೆ ಎಂದು ಹೋದವನು ಬಹಳ ಹೊತ್ತಿನ ಮೇಲೆ ಬಂದ. ಅಂಗಿಯ ಮಡಿಕೆಯಲ್ಲಿ ಪಫ್ಫಿನ ಚೂರು. ಆಮೇಲೆ ಆ ತಕ್ಕಡಿ ದಿನವೂ ಕೆಡತೊಡಗಿತು. ಸಂದಿಯ ಚೂರು ನೋಡಿ ಮನೆತನ ಹೇಳುವವಳಿಗೆ ಇದನ್ನು ಯಾರೂ ಹೇಳಬೇಕಿರಲಿಲ್ಲ. ಆದರೆ ಯಾವ ಬಾಯಲ್ಲಿ ಬೈಯುವುದು? ತನ್ನ ಬಾಯಿಯಲ್ಲೂ ಅದೇ ಬೇಕರಿಯ ಬೆಣ್ಣೆ.

ಸ್ಯಾಂಪಲ್ ಕೊಡುವ ದಿನ ಬಂತು. ಆಸ್ಪತ್ರೆಯವರು ಹೇಳಿದಂತೆ ಡಬ್ಬಿಗಳೆರಡನ್ನೂ ಕವರುಗಳಲ್ಲಿ ಸುತ್ತಿ ಫ್ರಿಜ್ಜಿನ ಕೆಳಗಿನ ಅರೆಯಲ್ಲಿಟ್ಟಿದ್ದರು. ಅಷ್ಟರಲ್ಲಿ ಹುಳಿ ನೀರಿನ ಬಾಟಲಿಯೊಂದಿಗೆ ನಾದಿನಿ ಬಂದಳು. ಬಾಟಲಿ ಇಡಲು ಫ್ರಿಜ್ಜು ತೆರೆದು, ಕವರಿನ ಮೇಲೆ ಆಸ್ಪತ್ರೆಯ ಹೆಸರು ಕಂಡವಳ ಮುಖ ಅರಳಿತು.

"ಅತ್ತಿಗೆ, ಆಸ್ಪತ್ರೆಯವ್ರು ಒಳ್ಳೆ ಬ್ಯಾಕ್ಟೀರಿಯಾ ಕೊಟ್ಟಿದಾರಾ? ಎರಡು ಡಬ್ಬಿ ಇದೆಯಲ್ಲ, ನನಗೂ ಒಂಚೂರು ಕೊಡಿ. ಊಟಕ್ಕೆ ಮುಂಚೆ ತಗೋಬೇಕಾ, ಆಮೇಲಾ?"

ಕವರು ಬಿಚ್ಚಿ ಮುಚ್ಚಳಕ್ಕೆ ಕೈ ಹಾಕಿಯೇ ಬಿಟ್ಟಿದ್ದಳು. ಗಂಡ ಹಾರಿ ಬಂದು ಕಸಿದುಕೊಂಡ. ಏನೆಂದು ತಿಳಿದದ್ದೇ ನಾದಿನಿ ಬಚ್ಚಲಿಗೆ ಓಡಿದಳು. ಗಂಡಹೆಂಡತಿ ನಕ್ಕರು. ನಿಲ್ಲಲಾರದೆ ಸೋಫಾ ಅಕ್ಕ ನೆಲದ ಮೇಲೆ ಕೂತು ನಕ್ಕಳು. ಈ ಮನೆಯಲ್ಲಿ ಹೀಗೆ ನಕ್ಕು ಯಾವ ಕಾಲವಾಗಿತ್ತೋ.

ನಗು ನಿಂತ ಮೇಲೆ ಅವಳೇ ಹೇಳಿದಳು: "ರೀ, ಆ ಎರಡು ಡಬ್ಬೀಲೂ ಇರೋದು ಬೇಕರಿ. ನಿಮ್ಮದರಲ್ಲಿ ಪಫ್ಫು, ನನ್ನದರಲ್ಲಿ ಬನ್ನು."

ಅವನ ಮುಖ ಸಪ್ಪಗಾಯಿತು. "ಬನ್ನು ತಿಂತಿದ್ಯಾ? ಯಾವಾಗಿಂದ?"

"ನೀವು ನಿಲ್ಸಿದಾಗಿಂದ. ಬೈಯೋದಿದ್ರೆ ಆಮೇಲೆ ಬೈರಿ. ಗೊತ್ತಿಲ್ಲ ಅಂದೋಳು ಆ ಸಿಸ್ಟರ್ ಒಬ್ಬಳೇ. ಅವಳಿಗೂ ಸುಳ್ಳು ಕೊಡೋಕೆ ನನ್ನಿಂದಾಗಲ್ಲ."

"ಹೇಳಿದ್ರೆ ನಮ್ಮನ್ನ ಸಂಶೋಧನೆಯಿಂದ ತೆಗೆದುಹಾಕ್ತಾರೆ."

"ಹಾಕ್ಲಿ."

ಆಸ್ಪತ್ರೆಯಲ್ಲಿ ಅವಳು ಎಲ್ಲವನ್ನೂ ಹೇಳಿದಳು. ಉಪ್ಪಿಲ್ಲದ ಬೇಳೆ, ಎರಡು ಪಾತ್ರೆ, ಸೋಫಾದ ಹಿಂದಿನ ಬನ್ನು, ದಿನವೂ ಕೆಡುವ ತಕ್ಕಡಿ. ಗಂಡ ತನ್ನ ಚಪ್ಪಲಿಯನ್ನೇ ನೋಡುತ್ತ ಕೂತಿದ್ದ. ಸಿಸ್ಟರ್ ನಗಲಿಲ್ಲ, ಗದರಲೂ ಇಲ್ಲ. ಡಬ್ಬಿಗಳನ್ನು ಪಕ್ಕಕ್ಕೆ ಸರಿಸಿದಳು.

"ಇವು ಬೇಡ ಬಿಡಿ. ಹೇಳಿದ್ದು ಒಳ್ಳೇದಾಯ್ತು. ಔಷಧಿ ಬಿಡಬೇಡಿ. ಇನ್ನೆರಡು ತಿಂಗಳು ಇಬ್ರೂ ನಿಜವಾಗ್ಲೂ ಒಂದೇ ಪಾತ್ರೇಲಿ ಊಟ ಮಾಡಿ, ಆಮೇಲೆ ಬನ್ನಿ. ಇದು ತಿನ್ನಿ, ಅದು ಬಿಡಿ ಅಂತ ನಾವು ಹೇಳಲ್ಲ. ನಿಮಗೆ ಸೇರೋ ಊಟ ಯಾವುದಮ್ಮ, ಹೇಳಿ?"

ಸೋಫಾ ಅಕ್ಕ ಬೆರಳು ಮಡಿಚಿ ಎಣಿಸಲು ಹೊರಟಳು. ತಿನ್ನಬಾರದ್ದು ಬಾಯಿಪಾಠವಾಗಿತ್ತು. ಸೇರುವುದು ಯಾವುದು ಎಂದು ಕೇಳಿದರೆ ಒಂದೂ ನೆನಪಾಗುತ್ತಿಲ್ಲ. ತನ್ನ ಹೊಟ್ಟೆ ತನ್ನದಾಗಿ ಉಳಿದಿಲ್ಲ ಎಂದು ಹೊಳೆದು ಅವಳಿಗೆ ಅಳು ಒತ್ತರಿಸಿ ಬಂತು.

ಆಗ ಗಂಡ ತಲೆಯೆತ್ತದೆಯೇ ಹೇಳತೊಡಗಿದ.

"ಬೆಳಿಗ್ಗೆ ಗೋಧಿ ಬ್ರೆಡ್ಡು, ಅಂಚು ಸ್ವಲ್ಪ ಕಪ್ಪಗೆ ಸುಟ್ಟಿರಬೇಕು. ಬೆಣ್ಣೆ ಕರಗೋಕೆ ಮುಂಚೆ ತಿಂತಾಳೆ. ಟೀಗೆ ಹಾಲು ಜಾಸ್ತಿ, ಸಕ್ಕರೆ ಕಮ್ಮಿ. ಮಧ್ಯಾಹ್ನ ಮೊಸರಿನ ಕೆನೆ ಬೇರೆಯವರಿಗೆ ಬಿಟ್ಟುಕೊಡಲ್ಲ. ಬೇಳೆಗೆ ಟೊಮೇಟೊ, ಉಪ್ಪು ಒಂದು ಕಲ್ಲು ಮುಂದೇನೇ. ರಾತ್ರಿ ಬೇಯಿಸಿದ ಮೊಟ್ಟೆ." ಅವನ ಕಣ್ಣು ಹೆಂಡತಿಯ ಬಲಗಾಲಿನತ್ತ ಸರಿಯಿತು. "ಎಲ್ಲಾ ನಾನೇ ನಿಲ್ಸಿದ್ದು, ಸಿಸ್ಟರ್. ಅವಳು ಬೀಳೋದನ್ನ ನೋಡೋಕಾಗಲ್ಲ. ಇದೊಂದು ಬಿಟ್ರೆ ನನ್ನ ಕೈಲಿ ಏನೂ ಇರಲಿಲ್ಲ."

ಸೋಫಾ ಅಕ್ಕ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಸಿಟ್ಟೇನೂ ಪೂರ್ತಿ ಇಳಿದಿರಲಿಲ್ಲ.

"ಮೊಟ್ಟೆ ಮೇಲೆ ಮೆಣಸಿನ ಪುಡಿ," ಎಂದಳು. "ಅದನ್ನ ಮರೆತ್ರಿ."