ತುಲಾಭಾರದ ಬೆಲ್ಲ

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಪಂಜ ಎಂಬ ಊರಿನ ಹತ್ತಿರ ಮಹಿಳಾ ಮಂಡಲದವರು ನಡೆಸುತ್ತಿದ್ದ ಬಾಲವಾಡಿಯಲ್ಲಿ ನಾನು ಆಯಾ. ಮಕ್ಕಳನ್ನು ಮನೆಯಿಂದ ಕರೆತರುವುದು, ಗಂಜಿ ಬೇಯಿಸುವುದು, ಮೂಗು ಒರೆಸುವುದು, ಗುಡಿಸುವುದು ನನ್ನ ಕೆಲಸ. ನನ್ನ ಓದು ಎರಡನೇ ಕ್ಲಾಸಿಗೇ ಮುಗಿದಿತ್ತು. ಈ ಕೆಲಸಕ್ಕೆ ಅಷ್ಟು ಸಾಕಿತ್ತು.

ತಿಂಗಳಿಗೊಮ್ಮೆ ಆಸ್ಪತ್ರೆಯಿಂದ ಸಿಸ್ಟರ್ ಬಂದು ಮಕ್ಕಳನ್ನು ತೂಗಿ, ಕಾರ್ಡಿನಲ್ಲಿ ಚುಕ್ಕೆ ಹಾಕುತ್ತಿದ್ದರು. ಚುಕ್ಕೆ ಗೆರೆಯಿಂದ ಕೆಳಗೆ ಬಿದ್ದರೆ ಆ ಮಗುವಿಗೆ ಹೆಚ್ಚು ಹಿಟ್ಟು. ನಮಗೆ ಗೊತ್ತಿದ್ದ ಕಾರ್ಯಕ್ರಮ ಅಷ್ಟೇ. ಮಕ್ಕಳ ಪಕ್ಕೆಲುಬು ಕಾಣುತ್ತಿದ್ದ ಕಾಲ ಅದು. ಚುಕ್ಕೆ ಗೆರೆಗಳನ್ನೆಲ್ಲ ದಾಟಿ ಮೇಲೆ ಹೋದರೆ ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಹಾಗೆ ಮೇಲೆ ಹೋದವಳು ಶಶಿ. ನಾಲ್ಕು ತುಂಬಿದ ಹುಡುಗಿ. ಬಾಲವಾಡಿಗೆ ತಮ್ಮ ಕೊಟ್ಟಿಗೆಯ ಪಕ್ಕದ ಕೋಣೆ ಬಿಟ್ಟುಕೊಟ್ಟಿದ್ದ ಪೂವಕ್ಕನ ಮೊಮ್ಮಗಳು. ಮಗನಿಗೆ ಮದುವೆಯಾಗಿ ಬಹಳ ವರ್ಷದ ಮೇಲೆ ಹುಟ್ಟಿದ ಒಂದೇ ಮಗು. ಬೆಳಿಗ್ಗೆ ತುಪ್ಪ ಬೆಲ್ಲದ ದೋಸೆ, ಆಮೇಲೆ ಸಕ್ಕರೆ ಸುರಿದ ಡಬ್ಬದ ಹಾಲು, ನಡುನಡುವೆ ಅಜ್ಜಿಯ ಸೆರಗಿನ ಗಂಟಿನಿಂದ ಬೆಲ್ಲದ ತುಂಡು. ಕಾಲು ನೆಲಕ್ಕೆ ತಾಗಲು ಬಿಡುತ್ತಿರಲಿಲ್ಲ. ಬಾಲವಾಡಿಗೆ ಬರಲು ಅಂಗಳ ದಾಟಿದರೆ ಸಾಕು, ಅದಕ್ಕೂ ನನ್ನ ಸೊಂಟವೇ ಆಗಬೇಕು.

ಸಿಸ್ಟರ್ ಅವಳನ್ನು ತೂಗಿ, ಮೊಣಕಾಲು ಮುಟ್ಟಿ ನೋಡಿ ಕೇಳಿದರು: "ಮಲಗಿದಾಗ ಉಸಿರಾಟ ಹೇಗೆ?"

"ಗರಗಸದಲ್ಲಿ ಹಲಗೆ ಕೊಯ್ದ ಹಾಗೆ ಶಬ್ದ ಉಂಟು" ಎಂದೆ.

ಸಿಸ್ಟರಿಗೆ ಸಮಾಧಾನವಾಗಲಿಲ್ಲ. ಮುಂದಿನ ವರ್ಷ ಶಶಿ ಶಾಲೆಗೆ ಹೋಗಬೇಕು. ಶಾಲೆ ನೀರು ಹರಿಯುವ ತೋಡಿನ ಆಚೆ. ತೋಡಿಗೆ ಅಡ್ಡ ಹಾಕಿದ ಮರದ ಸಂಕದ ಮೇಲೆ ಅವಳನ್ನು ಹೊತ್ತು ದಾಟಿಸಲು ಯಾರಿಂದಲೂ ಆಗದು. ಈಗ ನಡೆಸದಿದ್ದರೆ ಮುಂದೆ ನಡೆಯುವುದೇ ಕಷ್ಟ ಎಂದರು.

ತಾಯಂದಿರ ಸಭೆ ಕರೆದೆವು. ತೆಳ್ಳಗಿರಲಿ ದಪ್ಪಗಿರಲಿ, ಎಲ್ಲ ಮಕ್ಕಳಿಗೂ ಒಂದೇ ಕ್ರಮ ಎಂದು ಬಾಲವಾಡಿಯ ಟೀಚರ್ ಹೇಳಿದರು. ಬಾಲವಾಡಿಗೆ ನಡೆದೇ ಬರಬೇಕು. ಮನೆಯಿಂದ ಸಿಹಿ ತರುವಂತಿಲ್ಲ. ಎಲ್ಲರಿಗೂ ಹೆಸರುಕಾಳಿನ ಗಂಜಿ, ಬಸಳೆ. ಊಟಕ್ಕೆ ಮೊದಲು ಓಡುವ ಆಟ. ಅಂಗಡಿಯವನಿಗೂ ಪೆಪ್ಪರಮೆಂಟು ಕೊಡಬೇಡ ಎಂದು ಹೇಳಿಯಾಗಿತ್ತು. ಎಲ್ಲರೂ ತಲೆಯಾಡಿಸಿದರು, ಪೂವಕ್ಕ ಒಬ್ಬರು ಬಿಟ್ಟು.

"ಎಂತ, ಮಗುವನ್ನು ಸೊರಗಿಸುದಾ? ಇವಳು ಹುಟ್ಲಿಕ್ಕೆ ಹರಕೆ ಹೇಳಿದ್ದು ನಾನು. ಐದು ತುಂಬಿದ ಕೂಡ್ಲೇ ಸುಬ್ರಹ್ಮಣ್ಯದಲ್ಲಿ ತುಲಾಭಾರ, ಇವಳ ತೂಕದಷ್ಟು ಬೆಲ್ಲ. ಈಗ ತೂಕ ಇಳಿಸಿದ್ರೆ ದೇವರ ಪಾಲು ಕದ್ದ ಹಾಗೆ ಆಗುದಿಲ್ವಾ?"

ಸಿಸ್ಟರ್ ಟೀಚರನ್ನು ನೋಡಿದರು. ಟೀಚರ್ ತಲೆಯೆತ್ತಿ ಮಾಡಿನ ಹಂಚು ನೋಡಿದರು. ನನಗೆ ಸುಮ್ಮನಿರಲು ಆಗಲಿಲ್ಲ.

"ದೇವರಿಗೆ ಬೆಲ್ಲ ಕಡಿಮೆ ಉಂಟಾ ಪೂವಕ್ಕ? ಮಗುವಿಗೆ ಉಸಿರು ಕಡಿಮೆ ಉಂಟು."

"ನಿನ್ನ ಕಣ್ಣೇ ಬಿದ್ದದ್ದು ಅವಳಿಗೆ!"

"ನನ್ನ ಕಣ್ಣಿಗೆ ಅಷ್ಟು ಶಕ್ತಿ ಇದ್ದಿದ್ರೆ ಮೊದ್ಲು ನನ್ನ ಗಂಡನ ಹೊಟ್ಟೆ ಕರಗಿಸ್ತಿದ್ದೆ."

ಹೆಂಗಸರು ನಕ್ಕರು. ಪೂವಕ್ಕ ಎದ್ದು ಹೋದರು. ಮರುದಿನ ಬೆಳಿಗ್ಗೆ ಬಾಲವಾಡಿಗೆ ಬೀಗ.

ಮಕ್ಕಳನ್ನು ಹಲಸಿನ ಮರದಡಿ ಕೂರಿಸಿ, ಮೂರು ಕಲ್ಲಿಟ್ಟು ಗಂಜಿ ಬೇಯಿಸಿದೆ. ಮೋಡ ಕಟ್ಟಿತ್ತು. ಮಳೆ ಹಿಡಿದರೆ ಒಲೆ ಆರುತ್ತದೆ, ಒಲೆ ಆರಿದರೆ ಬಡಕಲು ಮಕ್ಕಳ ಒಂದು ಹೊತ್ತಿನ ಗಂಜಿಯೂ ಹೋಗುತ್ತದೆ. ಹೋಗಿ ಕ್ಷಮೆ ಕೇಳು ಎಂದರು ಟೀಚರ್. ನಾನು ಕೇಳಲಿಲ್ಲ. ಕೂತಲ್ಲಿ ಕೂರಲೂ ಆಗಲಿಲ್ಲ. ಬೀಗದ ಹತ್ತಿರ ಹೋಗುವುದು, ಎಳೆದು ನೋಡುವುದು, ಬರುವುದು. ಮೋಡ ನೋಡುವುದು, ಮತ್ತೆ ಹೋಗುವುದು.

ಎರಡು ದಿನ ಬಿಟ್ಟು ಪೂವಕ್ಕನ ಸೊಸೆ ಲೀಲಾ ಬೀಗದ ಕೈ ಹಿಡಿದು ಬಂದಳು. ಸಭೆಯಲ್ಲಿ ಬಾಯಿ ಬಿಡದವಳು. ಅವಳ ಹಿಂದೆ ಶಶಿ, ಅಳುತ್ತಾ, ಆದರೆ ನಡೆದುಕೊಂಡು.

"ಅತ್ತೆಗೆ ಎಂತ ಹೇಳಿದೆ?" ಎಂದು ಕೇಳಿದೆ.

"ದೇವರ ಕೋಣೆಯಲ್ಲಿ ಒಂದು ಭರಣಿ ಇಟ್ಟೆ. 'ನೀವು ಇವಳಿಗೆ ಕೊಡುವ ಬೆಲ್ಲವನ್ನೆಲ್ಲ ಅದಕ್ಕೆ ಹಾಕುವಾ, ಅತ್ತೆ' ಅಂದೆ. ತುಲಾಭಾರಕ್ಕೆ ತೂಕದ ಬೆಲ್ಲವೂ ಆಯ್ತು, ಭರಣಿಯದ್ದೂ ಆಯ್ತು. ದೇವರಿಗೆ ಹೆಚ್ಚೇ ಆಗುದಲ್ವಾ?"

ಅದನ್ನು ಕೇಳಿಯೇ ಪೂವಕ್ಕ ಬೀಗದ ಕೈ ಕೊಟ್ಟಿದ್ದರು. ಅಜ್ಜಿಯ ಕೈ ಸೆರಗಿಗೆ ಹೋದಾಗಲೆಲ್ಲ ಆ ತುಂಡನ್ನು ಶಶಿಯೇ ಭರಣಿಗೆ ಹಾಕಬೇಕು ಎಂದಾಯಿತು. ಹಾಗೆಂದು ಎಲ್ಲ ಸಲೀಸಾಗಿ ನಡೆಯಲಿಲ್ಲ. ಮುದುಕಿ ಕದ್ದು ತಿನ್ನಿಸುತ್ತಿದ್ದರು. ನಾನು ದಿನಾ ಮಗುವಿನ ಬಾಯಿ ಮೂಸಿ ನೋಡುತ್ತಿದ್ದೆ.

"ನಾಯಿಯ ಮೂಗು ನಿನ್ನದು" ಎಂದರು ಪೂವಕ್ಕ.

"ಅದಕ್ಕೇ ಸಂಬಳ ಕೊಡುದು" ಎಂದೆ.

ಸಂಜೆ ಮಕ್ಕಳನ್ನೆಲ್ಲ ಸಂಕದವರೆಗೆ ನಡೆಸುತ್ತಿದ್ದೆ. ಶಶಿ ದಾರಿ ಮಧ್ಯೆ ಕುಕ್ಕರಿಸಿ, "ಎತ್ತು" ಎಂದು ಬೊಬ್ಬೆ ಹಾಕುತ್ತಿದ್ದಳು. ನಾನು ಎತ್ತುತ್ತಿರಲಿಲ್ಲ. ಉಳಿದ ಮಕ್ಕಳು ಮುಂದೆ ಓಡಿದ ಮೇಲೆ ತಾನೇ ಎದ್ದು ಬರುತ್ತಿದ್ದಳು. ಅವಳ ತೂಕ ಇಳಿಯಲಿಲ್ಲ. ಅದಕ್ಕೂ ನನಗೆ ಚಡಪಡಿಕೆ. ಸಿಸ್ಟರ್ ಹೇಳಿದರು: "ಇಳಿಯುವುದು ಬೇಡ, ಏರದಿದ್ದರೆ ಸಾಕು. ಎತ್ತರ ಬೆಳೆದ ಹಾಗೆ ಸರಿಯಾಗುತ್ತದೆ." ದೀಪಾವಳಿ ಕಳೆದ ಮೇಲೆ ಉಸಿರಿನ ಗರಗಸ ನಿಂತಿತು.

ಐದು ತುಂಬಿತು. ತುಲಾಭಾರಕ್ಕೆ ಪೂವಕ್ಕ ನನ್ನನ್ನೂ ಕರೆದರು. "ಕಣ್ಣು ಹಾಕಿದವಳೂ ಇರ್ಲಿ" ಎಂದರು. ಬಸ್ಸಿಳಿದು ಶಶಿ ನಡೆದೇ ಬಂದಳು. ಒಂದು ತಟ್ಟೆಯಲ್ಲಿ ಅವಳು, ಇನ್ನೊಂದರಲ್ಲಿ ಬೆಲ್ಲ. ಎರಡೂ ಸಮ ನಿಂತ ಮೇಲೆ ಪೂವಕ್ಕ ಭರಣಿಯ ಬೆಲ್ಲವನ್ನು ಸುರಿದರು. ಆ ತಟ್ಟೆ ಧಡ್ಡನೆ ಕೆಳಗೆ ಕೂತಿತು. ಹುಡುಗಿ ಸರಪಳಿ ಹಿಡಿದು ಮೇಲೆ ಹೋಗಿ, ಕಾಲು ಬಡಿದು ನಕ್ಕಳು.

ಪೂವಕ್ಕ ತಟ್ಟೆಯನ್ನೇ ನೋಡುತ್ತಾ ನಿಂತರು. "ಅಯ್ಯೋ ಮಾರಾಯ್ತಿ, ಇದೆಲ್ಲ ಇವಳ ಹೊಟ್ಟೆಗೆ ಹೋಗ್ತಿತ್ತಾ?"

ಆಮೇಲೆ ಎಷ್ಟೋ ವರ್ಷ ಕೆಲಸ ಮಾಡಿದೆ. ಗೋಡೆಗೆ ಅಂಟಿಸುವ ಚಿತ್ರಗಳು ಬಂದವು, ಭಾಷಣಗಳೂ ಬಂದವು. ನಾನು ಮಾತ್ರ ಯಾವ ಮನೆಗೆ ಹೋದರೂ ಮಗುವನ್ನು ಆಮೇಲೆ ನೋಡುತ್ತಿದ್ದೆ, ತಿನ್ನಿಸುವವರು ಯಾರೆಂದು ಮೊದಲು ಕೇಳುತ್ತಿದ್ದೆ. ಪ್ರೀತಿಯಿಂದ ಕೊಡುವ ಕೈಯನ್ನು ಬೈದು ಹಿಂದೆ ಸರಿಸಲು ಆಗುವುದಿಲ್ಲ. ಅದರ ಮುಂದೆ ಬೇರೆ ಪಾತ್ರೆ ಇಡಬೇಕು. ಬೈಯುವುದು ನನಗೆ ಬರುತ್ತಿತ್ತು. ಪಾತ್ರೆ ಇಟ್ಟವಳು ಲೀಲಾ.

ತುಲಾಭಾರ ಕಳೆದು ಬಂದ ಜೂನಿನಲ್ಲಿ ಶಶಿ ಶಾಲೆಗೆಂದು ಸಂಕ ದಾಟಿದಳು. ಆಚೆ ಗದ್ದೆಯ ಬದುವಿನಲ್ಲಿ, ನನ್ನ ಮುಂದೆಯೇ, ಜಾರಿ ಕೆಸರಿಗೆ ಬಿದ್ದಳು. ಈಚೆ ದಡದಲ್ಲಿ ಪೂವಕ್ಕ, "ಎತ್ತು, ಎತ್ತು" ಎಂದು ಕೂಗಿದರು. ಶಶಿ ನನ್ನ ಮುಖ ನೋಡಿದಳು. ತಾನೇ ಎದ್ದಳು.