ಹೆಗ್ಗದ್ದೆ ದಾರಿಯ ಇಲ್ಲದ ಆನೆ

ಹೆಗ್ಗದ್ದೆ ಕಡೆಯ ಒಂದು ತಿರುವಿನಲ್ಲಿ ಇಲ್ಲದ ಆನೆಯೊಂದನ್ನು ವಾರಗಟ್ಟಲೆ ನಿಲ್ಲಿಸಿದವನು ನಾನು. ಆಗ ಅದನ್ನು ಕಣ್ಣಾರೆ ಕಂಡೆ ಎಂದವರಲ್ಲಿ ಕೆಲವರು ಈಗಲೂ ಇದ್ದಾರೆ. ಓದಿದರೆ ನಗಲಿ, ಇಲ್ಲವೇ ಬೈಯಲಿ. ನನಗೆ ವಯಸ್ಸಾಯಿತು, ಆ ಆನೆಯನ್ನು ಇನ್ನು ಸಾಕಲಾರೆ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿದ್ದ ನಾನು ಸಕಲೇಶಪುರದ ಬಸ್ ಸ್ಟ್ಯಾಂಡ್ ಬಳಿ ಬಾಡಿಗೆ ಜೀಪ್ ಇಟ್ಟಿದ್ದೆ. ಪ್ರತಿ ಗುರುವಾರ ಹಾಸನದ ಬಸ್ಸಿನಿಂದ ಒಬ್ಬ ಮನಶ್ಶಾಸ್ತ್ರಜ್ಞೆ ಇಳಿದು ನನ್ನ ಜೀಪ್ ಹತ್ತುತ್ತಿದ್ದರು. ಊರವರ ಬಾಯಲ್ಲಿ ಅವರು ಮನಸ್ಸಿನ ಡಾಕ್ಟ್ರಮ್ಮ, ನನಗೆ ಮೇಡಂ. ಮಾತ್ರೆ ಕೊಡದ, ಸೂಜಿ ಚುಚ್ಚದ ಇವರು ಯಾವ ಸೀಮೆ ಡಾಕ್ಟ್ರು ಎಂದು ಸ್ಟ್ಯಾಂಡಿನಲ್ಲಿ ಎಲ್ಲರೂ ನಗುತ್ತಿದ್ದೆವು.

ಅವರು ಮಾಡುತ್ತಿದ್ದುದು ಕೆಲಸದಂತೆ ಕಾಣುತ್ತಲೇ ಇರಲಿಲ್ಲ. ಆನೇಮಹಲ್ ಬಳಿಯ ತೋಟದ ಸಾಹುಕಾರರೊಬ್ಬರು ಹೆಂಡತಿ ತೀರಿಕೊಂಡ ಮೇಲೆ ಯಾರ ಎದುರೂ ಕೂತು ಮಾತಾಡುತ್ತಿರಲಿಲ್ಲ. ಮೇಡಂ ಅವರನ್ನು ಕೂರಿಸಲೇ ಇಲ್ಲ. ಮೆಣಸಿನ ಬಳ್ಳಿ ನೋಡುತ್ತ ಅವರ ಜೊತೆ ತೋಟ ಸುತ್ತಿದರು. ಅದೇ ತೋಟದ ಕೂಲಿಯವರ ಲೈನ್ ಮನೆಯಲ್ಲಿ ನಿದ್ದೆ ಬಾರದ ಹೆಂಗಸೊಬ್ಬಳಿದ್ದಳು. ಅವಳೊಂದಿಗೆ ಕಣದಲ್ಲಿ ಕಾಫಿ ಹಣ್ಣು ಹರಡುತ್ತ ಕೂತರು.

"ಸಾಹುಕಾರ್ರಿಗೂ ಅವಳಿಗೂ ಒಂದೇ ಡಾಕ್ಟ್ರಾ ಮೇಡಂ?" ಎಂದು ನಾನು ಕೇಳಿದೆ.

"ಜ್ವರ ಬಂದ್ರೂ ಅವರಿಬ್ಬರಿಗೆ ಬೇರೆ ಬೇರೆ ಡಾಕ್ಟ್ರನ್ನ ಹುಡುಕ್ತೀರಾ?" ಎಂದರು. ನಾನು ಗೇರ್ ಬದಲಿಸಿದೆ.

ಹೆಗ್ಗದ್ದೆ ಕಡೆಯ ಆ ತಿರುವು ದಾಟಿದರೆ ಸಣ್ಣ ಹಿಡುವಳಿಯ ಒಂದು ಮನೆ. ಅಲ್ಲಿ ಏಳು ವರ್ಷದ ಹುಡುಗಿ. ಅಪ್ಪ ಅಮ್ಮ ತೋಟಕ್ಕೆ ಹೋದರೆ ಅಜ್ಜಿಯೇ ನೋಡಿಕೊಳ್ಳುತ್ತಿದ್ದರು. ಮನೆಯವರೊಂದಿಗೆ ಅರಳು ಹುರಿದಂತೆ ಮಾತಾಡುವ ಹುಡುಗಿ ಹೊರಗಿನವರ ಮುಂದೆ ತುಟಿ ಬಿಚ್ಚುತ್ತಿರಲಿಲ್ಲ. ಶಾಲೆಯಲ್ಲಿ ಒಂದಕ್ಷರ ಆಡಿರಲಿಲ್ಲ. ಮಗುವಿಗೆ ಬುದ್ಧಿ ಸಾಲದು, ಬಿಡಿಸಿಬಿಡಿ ಎಂದು ಮೇಷ್ಟ್ರು ಹೇಳಿದ್ದರು. ಮೇಡಂ ಅವಳಿಗೆ ಮಾತಾಡು ಎನ್ನಲಿಲ್ಲ. ಕೊಟ್ಟಿಗೆಯಲ್ಲಿ ಅವಳಿಗೆ ಬೆನ್ನು ಮಾಡಿ ಕೂತು, ತಾವೇ ಕರುವಿನ ಜೊತೆ ಮಾತಿಗಿಳಿದರು. ಕೆಲವು ಗುರುವಾರ ಕಳೆದ ಮೇಲೆ ಹುಡುಗಿಯೂ ಕರುವಿನ ಕಿವಿಯಲ್ಲಿ, ಮೇಡಂಗೆ ಕೇಳುವಷ್ಟು ಜೋರಾಗಿ, ಏನೋ ಹೇಳಿದಳು.

"ಇನ್ನು ತಪ್ಪಿಸಬಾರದು. ಬಿಟ್ರೆ ಮತ್ತೆ ಬಾಗಿಲು ಹಾಕ್ಕೋತಾಳೆ" ಎಂದರು ಮೇಡಂ, ವಾಪಸು ಬರುವಾಗ.

ಅದೇ ವಾರ, ಹಿಂಗಾರಿನ ಕೆಸರಿನಲ್ಲಿ, ನಾನೊಬ್ಬನೇ ಬರುವಾಗ ಆ ತಿರುವಿನಲ್ಲಿ ಜೀಪ್ ಜಾರಿತು. ಹಿಂದಿನ ಒಂದು ಚಕ್ರ ಹಳ್ಳದ ಮೇಲೆ ಗಾಳಿಯಲ್ಲಿ ತಿರುಗಿತು. ಹೇಗೋ ಮುಂದಕ್ಕೆ ತಂದೆ. ಮೈಗೆ ಏನೂ ಆಗಲಿಲ್ಲ. ಆದರೆ ಆಮೇಲೆ ಆ ತಿರುವಿಗೆ ಜೀಪ್ ಒಯ್ಯಲು ಧೈರ್ಯ ಬರಲಿಲ್ಲ. ಹೆದರುವ ಡ್ರೈವರಿನ ಜೀಪನ್ನು ಯಾರು ಹತ್ತುತ್ತಾರೆ? ಗುರುವಾರ ಮೇಡಂ ಬಂದಾಗ, "ಹೆಗ್ಗದ್ದೆ ರೋಡಲ್ಲಿ ಆನೆ ಐತೆ ಮೇಡಂ" ಎಂದುಬಿಟ್ಟೆ. ನಮ್ಮ ಸೀಮೆಯಲ್ಲಿ ಈ ಮಾತಿಗೆ ಸಾಕ್ಷಿ ಕೇಳುವವರಿಲ್ಲ. ಅವರು ಅಂದು ಹೆಗ್ಗದ್ದೆ ಬಿಟ್ಟು ವನಗೂರಿಗೆ ಹೋದರು.

ಮುಂದಿನ ವಾರದ ಹೊತ್ತಿಗೆ ಆನೆ ಬೆಳೆದಿತ್ತು. "ಒಂಟಿ ಕೊಂಬಿಂದು ಕಣ್ರೋ, ಭಾರಿ ಸಿಟ್ಟಿಂದು" ಎಂದು ಸ್ಟ್ಯಾಂಡಿನಲ್ಲಿ ಒಬ್ಬ ಹೇಳಿದ. ಇನ್ನೊಬ್ಬನನ್ನು ಅದು ಅಟ್ಟಿಸಿಕೊಂಡೂ ಬಂದಿತ್ತು. ಕೇಳಿ ಕೇಳಿ ನನಗೇ ದಿಗಿಲಾಯಿತು.

ಆಗ ಒಂದು ದಿನ ಹುಡುಗಿಯ ಅಜ್ಜಿ ಸ್ಟ್ಯಾಂಡಿಗೇ ಬಂದರು. "ಯಾವ ಆನೆಯೋ ಅದು? ದಿನಾ ಹಾಲು ಹೊತ್ಕೊಂಡು ಅದೇ ದಾರೀಲಿ ಬತ್ತೀನಿ."

"ನಡ್ಕೊಂಡ್ ಬರೋರಿಗೆ ಕಾಣಕ್ಕಿಲ್ಲ ಅಜ್ಜಿ" ಎಂದೆ.

"ಓಹೋ, ಜೀಪಿಗೆ ಮಾತ್ರ ಕಾಣ್ತದಾ? ಗದ್ದೇಲಿ ಭತ್ತ ಹಂಗೇ ನಿಂತೈತೆ ಮಾರಾಯ. ನಿನ್ನಾನೆ ಏಕಾದಶಿ ಹಿಡಿದೈತಾ?"

ಎಲ್ಲರೂ ನಕ್ಕರು. ಅಜ್ಜಿ ನಗಲಿಲ್ಲ. ದನಿ ತಗ್ಗಿಸಿ, "ಮಗು ಗುರುವಾರ ಬಂದ್ರೆ ಕರು ಹಿಡ್ಕೊಂಡು ಬೇಲಿ ತಾವ ಕಾಯ್ತಿತ್ತು ಕಣಪ್ಪ. ಈಗ ಅದೂ ಇಲ್ಲ. ಯಾರಾದ್ರೂ ಬಂದ್ರೆ ಅಟ್ಟ ಹತ್ತಿ ಕೂತ್ಬುಡ್ತದೆ. ಸಂಕ್ರಾಂತಿ ಕಳದ್ರೆ ಸ್ಕೂಲ್ ಬಿಡಿಸ್ತೀನಿ ಅಂತಾವ್ನೆ ನನ್ ಮಗ" ಎಂದರು.

ಮುಂದಿನ ಗುರುವಾರ ಮೇಡಂ ಜೀಪ್ ಹತ್ತಿದ ಮೇಲೆ, "ಆನೆ ಇಲ್ಲ ಮೇಡಂ" ಎಂದೆ.

ಅವರು ನನ್ನತ್ತ ತಿರುಗಲಿಲ್ಲ. ರಸ್ತೆಯನ್ನೇ ನೋಡುತ್ತ, "ಮತ್ತೇನಿದೆ?" ಎಂದರು. ಎದುರು ಕುರ್ಚಿ ಹಾಕಿ ಕೇಳಿದ್ದರೆ ಇನ್ನೆರಡು ಆನೆ ಸೇರಿಸುತ್ತಿದ್ದೆನೋ ಏನೋ. ಸ್ಟೇರಿಂಗ್ ಹಿಡಿದುಕೊಂಡೇ ಎಲ್ಲ ಹೇಳಿದೆ.

"ಆ ಮಗು ಕಾದು ಕಾದು ಒಳಗೆ ಹೋಗಿದೆ. ಅದನ್ನ ಸಣ್ಣ ವಿಷಯ ಅನ್ನಲ್ಲ ನಾನು" ಎಂದರು. "ನಿಮ್ಮ ಭಯಾನೂ ಸುಳ್ಳಲ್ಲ. ಎಷ್ಟು ಹತ್ತಿರ ಹೋಗೋಕಾಗುತ್ತೋ ಅಷ್ಟು ಹೋಗೋಣ. ಉಳಿದದ್ದು ನಡೆಯೋಣ."

ಅಂದು ತಿರುವು ಕಣ್ಣಿಗೆ ಬೀಳದಷ್ಟು ಕೆಳಗೇ ಜೀಪ್ ನಿಲ್ಲಿಸಿದೆ. ಮೇಡಂ ನಡೆದರು; ಅವರ ಚೀಲ ಹಿಡಿದು, ಗುಡ್ಡದ ಕಡೆ ಅಂಟಿಕೊಂಡು ನಾನೂ ನಡೆದೆ. ಹುಡುಗಿ ಅಟ್ಟದಿಂದ ಇಳಿಯಲಿಲ್ಲ. ಮೇಡಂ ಕೆಳಗೆ ಕೂತು ಕರುವಿಗೆ ಕ್ಷಮೆ ಕೇಳಿದರು, ಮೇಲಕ್ಕೂ ಕೇಳುವ ಹಾಗೆ. ವಾರದಿಂದ ವಾರಕ್ಕೆ ಜೀಪ್ ಒಂದಿಷ್ಟು ಮೇಲೆ ನಿಂತಿತು. ಹುಡುಗಿ ಅಟ್ಟದಿಂದ ಕೊಟ್ಟಿಗೆಗೆ ಬಂದಳು, ಆಮೇಲೆ ಕರುವಿನ ಹಗ್ಗ ಹಿಡಿದು ಅಜ್ಜಿಯ ಜೊತೆ ತಿರುವಿನವರೆಗೂ ಬಂದಳು. ನಾನು ಅಜ್ಜಿಗೂ ನಿಜ ಹೇಳಿದೆ.

"ಗೊತ್ತಿತ್ತು ಬುಡು" ಎಂದು ಅಜ್ಜಿ ಮೊಮ್ಮಗಳ ಕಡೆ ತಿರುಗಿದರು. "ನೋಡು, ಇವ್ನೂ ನಿನ್ನಂಗೇ ಕಣವ್ವ. ನಿಂಗೆ ಮಾತು, ಇವ್ನಿಗೆ ತಿರುವು."

ಹುಡುಗಿ ಮೊದಲ ಸಲ ನನ್ನನ್ನು ಸರಿಯಾಗಿ ನೋಡಿದಳು.

ಮುಂದಿನ ವಾರ ತಿರುವಿನ ಬುಡದಲ್ಲಿ ಮೇಡಂ ಇಳಿದು ಮುಂದೆ ಹೋದರು. ನಾನು ಎಂಜಿನ್ ಆರಿಸದೆ ಕೂತಿದ್ದೆ. ಹುಡುಗಿ ಕರುವಿನ ಹಗ್ಗವನ್ನು ಅಜ್ಜಿಗೆ ಕೊಟ್ಟು ಗುಡ್ಡದ ಬದಿಗೆ ನಿಂತು ಕೈ ಬೀಸಿದಳು. ತುಟಿ ಅಲ್ಲಾಡಿತು.

"ಕೇಳಕ್ಕಿಲ್ಲ ಕಣವ್ವ" ಎಂದೆ. ಎಂಜಿನ್ ಸದ್ದಿಗೆ ನಿಜಕ್ಕೂ ಕೇಳಿರಲಿಲ್ಲ.

"ಬರ್ಲಿ, ಬರ್ಲಿ, ಬರ್ಲಿ" ಎಂದು ಕೂಗಿದಳು, ಥೇಟ್ ಬಸ್ ಕಂಡಕ್ಟರನ ಹಾಗೆ. ನಾನು ಕ್ಲಚ್ ಬಿಟ್ಟೆ. ಅವಳ ಕೈಯನ್ನಷ್ಟೇ ನೋಡುತ್ತ ತಿರುವು ದಾಟಿದೆ. ದಾಟಿದ್ದು ತಿಳಿಯದೆ ಹೋಗುತ್ತಲೇ ಇದ್ದೆ. ಹಿಂದಿನಿಂದ "ಹೋಲ್ಡಾನ್" ಎಂದು ಅವಳು ಕೂಗಿದ್ದು ಕೇಳಿತು.

"ನಿಲ್ಸೋ ಸಾಕು, ಕೊಟ್ಟಿಗೆ ಒಳಕ್ಕೇ ನುಗ್ಗಿಸ್ತೀಯಾ" ಎಂದರು ಅಜ್ಜಿ.

ಸಂಕ್ರಾಂತಿ ಕಳೆದ ಮೇಲೂ ಅವಳು ಶಾಲೆಗೆ ಹೋದಳು. ಮೇಷ್ಟ್ರಿಗೆ ಅವಳ ದನಿ ಕೇಳಿಸಿದ್ದು ಇನ್ನೂ ಎಷ್ಟೋ ತಿಂಗಳ ಮೇಲೆ, ಅದೂ ಮೆಲ್ಲಗೆ. ಸ್ಟ್ಯಾಂಡಿನವರ ಮುಂದೆ ಮಾತ್ರ ನಾನು ಬಾಯಿ ಬಿಡಲಿಲ್ಲ. ಒಂಟಿ ಕೊಂಬಿನ ಮಾತು ಬಂದಾಗಲೆಲ್ಲ ತಲೆ ಆಡಿಸುತ್ತಿದ್ದೆ. ಅದೂ ತಪ್ಪೇ.

ಆ ತಿರುವನ್ನು ಒಬ್ಬನೇ ದಾಟುವುದು ನನಗೆ ಬಹುಬೇಗ ಅಭ್ಯಾಸವಾಯಿತು. ಆದರೂ ಗುರುವಾರ ಮಾತ್ರ, ಅವಳು ಬಂದು ಕೈ ಬೀಸುವ ತನಕ ಕೆಳಗೇ ಕಾಯುತ್ತಿದ್ದೆ. ಬೇಲಿಯ ಬಳಿ ಅವಳು ಕಾದದ್ದಕ್ಕೆ ನಾನು ಮಾಡಬಹುದಾಗಿದ್ದದ್ದು ಅಷ್ಟೆ.